ನಾಲ್ಕು ದಿನ ನೆನೆದ ದ್ರಾಕ್ಷಿ

ಕಾಂತಪ್ಪನನ್ನು ಸೋಮಾರಿ ಎಂದು ಮುಖದ ಮೇಲೆ ಹೇಳಿದವರು ಯಾರೂ ಇರಲಿಲ್ಲ. ಹೇಳೋಣವೆಂದು ಬಂದವರಿಗೆ ಅವನ ಮುಖವೇ ಸಿಗುತ್ತಿರಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ.

ಮುಂಬಯಿಯ ಬೈಕುಲ್ಲಾದ ತರಕಾರಿ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ, ಈರುಳ್ಳಿ ಗೋದಾಮಿನ ಮೇಲೆ, ಎರಡನೇ ಮಾಳಿಗೆಯಲ್ಲಿ ಕನ್ನಡ ಕ್ರೈಸ್ತ ಸಭೆಯ ಪ್ರಾರ್ಥನಾಮಂದಿರವಿತ್ತು. ಮಂದಿರವೆಂದರೆ ಒಂದು ಉದ್ದನೆಯ ಕೋಣೆ, ಹದಿನಾರು ಬೆಂಚು, ಒಂದು ಮೇಜು, ಒಂದು ಗಂಟೆ. ನರ್ಸುಗಳು, ಮಿಲ್ಲಿನವರು, ಆಫೀಸಿನ ಗುಮಾಸ್ತರು ಎಲ್ಲ ಸೇರಿ ನಲವತ್ತು ಮನೆಯವರು. ಮಂದಿರದ ಹಿಂದಿನ ಸಣ್ಣ ಕೋಣೆಯಲ್ಲಿ ಕಾಂತಪ್ಪನೂ ಅವನ ಹೆಂಡತಿ ವಿನೋದಿನಿಯೂ ಬಾಡಿಗೆಯಿಲ್ಲದೆ ಇದ್ದರು. ಅದಕ್ಕೆ ಬದಲಾಗಿ ಕಾಂತಪ್ಪ ಗುಡಿಸಬೇಕು, ಬೆಂಚು ಒರೆಸಬೇಕು, ಕೆಳಗಿನ ನಲ್ಲಿಯಿಂದ ನೀರು ತರಬೇಕು, ಗಂಟೆ ಬಾರಿಸಬೇಕು. ತಿಂಗಳ ಮೊದಲ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಸುವ ಕರ್ತನ ಭೋಜನಕ್ಕೆ ರೊಟ್ಟಿಯನ್ನೂ ದ್ರಾಕ್ಷಿ ರಸವನ್ನೂ ಅಣಿಮಾಡಬೇಕು.

ಅವನದು ದಡ್ಡರ ಸೋಮಾರಿತನವಲ್ಲ, ಬುದ್ಧಿವಂತರ ಸೋಮಾರಿತನ. ದಡ್ಡನಾದವನು ಕೆಲಸವನ್ನೇ ಬಿಟ್ಟು ಸಿಕ್ಕಿಬೀಳುತ್ತಾನೆ. ಕಾಂತಪ್ಪ ಮಾಡಿದಂತೆ ಕಾಣುವಷ್ಟು ಮಾತ್ರ ಮಾಡುತ್ತಿದ್ದ. ಬಿಳಿ ಸೀರೆಯ ನರ್ಸುಗಳು ಕೂರುವ ಮೂರು ಬೆಂಚು ಒರೆಸಿದರೆ ಸಾಕು, ಮಿಲ್ಲಿನವರ ಬೆಂಚನ್ನು ಅವರ ಧೋತರಗಳೇ ಒರೆಸುತ್ತವೆ ಎಂಬುದು ಅವನ ಲೆಕ್ಕ. ಮುಲ್ಕಿಯಿಂದ ಮುಂಬಯಿಗೆ ಬಂದು ಹತ್ತು ವರ್ಷದಲ್ಲಿ ಮೂರು ಕೆಲಸ ಕಳೆದುಕೊಂಡಿದ್ದ. ಮೂರರಲ್ಲೂ ತಪ್ಪು ಯಜಮಾನರದೇ ಎಂದು ಹೆಂಡತಿಯನ್ನು ನಂಬಿಸಲು ನೋಡಿದ್ದ. ವಿನೋದಿನಿ ಆಸ್ಪತ್ರೆಯಲ್ಲಿ ನರ್ಸು. ರೋಗಿಗಳ ಸುಳ್ಳನ್ನು ದಿನವೂ ಕೇಳುವವಳು. ನಂಬಿರಲಿಲ್ಲ, ಆದರೆ ನಂಬಲಿಲ್ಲವೆಂದು ಹೇಳಿಯೂ ಇರಲಿಲ್ಲ.

ಮುಂಬಯಿಯಲ್ಲಿ ಆಗ ದಾರೂಬಂದಿ, ಹೆಂಡ ಮಾರುವುದೂ ಕುಡಿಯುವುದೂ ಅಪರಾಧ. ಕೆಲವು ಚರ್ಚುಗಳವರು ಸರಕಾರದ ಪರ್ಮಿಟ್ ತೆಗೆದು ನಿಜವಾದ ದ್ರಾಕ್ಷಾರಸ ತರಿಸುತ್ತಿದ್ದರು. ಈ ಸಭೆಗೆ ಆ ಗೋಜೇ ಇರಲಿಲ್ಲ. ಊರಿನಲ್ಲಿದ್ದ ಕಾಲದಿಂದಲೂ ಇವರಲ್ಲಿ ಹುಳಿಯದ ರಸದ್ದೇ ಪದ್ಧತಿ. ಶನಿವಾರ ಸಂಜೆ ಒಣದ್ರಾಕ್ಷಿ ನೆನೆಹಾಕಬೇಕು, ಭಾನುವಾರ ಬೆಳಿಗ್ಗೆ ಕುದಿಸಬೇಕು, ಕಲ್ಲಿನಲ್ಲಿ ಅರೆದು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಎರಡು ಗಂಟೆಯ ಕೆಲಸ. ಹೆಸರಿಗೆ ಕಾಂತಪ್ಪನದು, ಮಾಡುತ್ತಿದ್ದವಳು ವಿನೋದಿನಿ.

ಸಾವಿರದ ಒಂಬೈನೂರ ಐವತ್ತನಾಲ್ಕರ ಮೇ ತಿಂಗಳ ಮೊದಲ ಭಾನುವಾರಕ್ಕೆ ಅವಳಿರಲಿಲ್ಲ. ತಂಗಿ ಮೋಹಿನಿಯ ಬಾಣಂತನಕ್ಕೆಂದು ಐದಾರು ದಿನದ ಮಟ್ಟಿಗೆ ಮಂಗಳವಾರವೇ ಮುಲುಂಡಿಗೆ ಹೊರಟಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದಳು.

"ಶನಿವಾರ ಸಂಜೆ ನೆನೆಸ್ಲಿಕ್ಕೆ ಹಾಕಿ. ಅದಕ್ಕಿಂತ ಮುಂಚೆ ಬೇಡ, ಸೆಕೆ ಉಂಟು. ಆದಿತ್ಯವಾರ ಬೇಗ ಎದ್ದು ಕುದಿಸಿ. ತಿಳೀತಾ?"

"ಎಷ್ಟು ಸಲ ಹೇಳ್ತಿ ಮಾರಾಯ್ತಿ? ನಾನೆಂತ ಸಣ್ಣ ಮಗುವಾ?"

ಬುಧವಾರ ಮಧ್ಯಾಹ್ನ ಊಟವಾಗಿ ಮಲಗಿದ್ದವನಿಗೆ ಒಂದು ಉಪಾಯ ಹೊಳೆಯಿತು. ಅವನಿಗೆ ಉಪಾಯಗಳೆಲ್ಲ ಮಲಗಿದ್ದಾಗಲೇ ಹೊಳೆಯುವುದು. ಒಂದು ರಾತ್ರಿ ನೆನೆದ ದ್ರಾಕ್ಷಿಯನ್ನು ಕುದಿಸಿ ಅರೆಯಬೇಕು, ಸರಿ. ನಾಲ್ಕು ದಿನ ನೆನೆದರೆ ತಾನೇ ಮೆತ್ತಗಾಗುವುದಿಲ್ಲವೇ? ಸ್ಟೋವ್ ಬೇಡ, ಕಲ್ಲು ಬೇಡ, ಕೈಯಲ್ಲೇ ಹಿಂಡಿದರಾಯಿತು. ಚಳಿಗಾಲದಲ್ಲಿ ಒಮ್ಮೆ ಎರಡು ದಿನ ನೆನೆಸಿಟ್ಟಿದ್ದ, ಯಾರಿಗೂ ಗೊತ್ತಾಗಿರಲಿಲ್ಲ. ಎದ್ದು ಭರಣಿಯಲ್ಲಿ ದ್ರಾಕ್ಷಿ ಸುರಿದು, ನೀರು ಹಾಕಿ, ಸಿಹಿ ಬಿಡಲಿ ಎಂದು ಒಂದು ಹಿಡಿ ಸಕ್ಕರೆ ಹಾಕಿ, ಮುಚ್ಚಳ ಬಿಗಿದು ಮತ್ತೆ ಮಲಗಿದ. ಆ ವಾರದಲ್ಲಿ ಅವನು ಸ್ವಂತ ಬುದ್ಧಿಯಿಂದ ಮಾಡಿದ ಕೆಲಸ ಇದೊಂದೇ.

ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಬೆರಳುದ್ದದ ನೊರೆ. ದ್ರಾಕ್ಷಿಗಳು ಉಬ್ಬಿ ಮೇಲೆ ತೇಲುತ್ತಿದ್ದವು, ಒಳಗೆ ಏನೋ ಸುಂಯ್‌ಗುಡುತ್ತಿತ್ತು. ಮೂಗು ಹತ್ತಿರ ಒಯ್ದ ಕಾಂತಪ್ಪ ತಟ್ಟನೆ ಹಿಂದೆ ಸರಿದ. ಊರಿನಲ್ಲಿ ಶೇಂದಿ ಅಂಗಡಿಯ ಮುಂದೆ ನಡೆದು ಹೋದವನಿಗೆ ಆ ವಾಸನೆ ತಿಳಿಯದ್ದೇನಲ್ಲ. ಇದು ರಸವಲ್ಲ, ಇದು ಬೇರೆ ಏನೋ ಆಗಿಹೋಗಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಾಯಿತು.

ಗಂಟೆ ಬಾರಿಸಲು ಇನ್ನೂ ಎರಡೂವರೆ ಗಂಟೆ ಇತ್ತು. ಗಲ್ಲಿಯ ಮೂಲೆಯ ಅಂಗಡಿ ತೆರೆದಿತ್ತು. ಎರಡು ಮಾಳಿಗೆ ಇಳಿದು, ದ್ರಾಕ್ಷಿ ತಂದು, ಹತ್ತಿ, ಸ್ಟೋವ್ ಹಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಕುದಿಸಿ, ಅರೆದು, ಸೋಸಿ… ಯೋಚಿಸುತ್ತಲೇ ಅವನಿಗೆ ಸುಸ್ತಾಯಿತು. ಚಮಚೆಯಿಂದ ನೊರೆ ತೆಗೆದ. ಹಿಂಡಿ ಸೋಸಿದ. ಇನ್ನೊಂದು ಹಿಡಿ ಸಕ್ಕರೆ, ಎರಡು ಏಲಕ್ಕಿ. ಒಬ್ಬೊಬ್ಬರದು ಒಂದೊಂದು ಗುಟುಕು ತಾನೇ, ಯಾರಿಗೆ ಏನು ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಆಗ ಹೊಸ್ತಿಲಲ್ಲಿ ನೀರಿನ ಕೊಡ ಇಟ್ಟ ಸದ್ದಾಯಿತು. ದಾನಪ್ಪ ಬಂದಿದ್ದ.

ದಾನಪ್ಪ ಗದಗಿನ ಕಡೆಯ ಬೆಟಗೇರಿಯವನು, ಮಾರ್ಕೆಟಿನಲ್ಲಿ ಹಮಾಲಿ. ಮೂರು ವರ್ಷದ ಹಿಂದೆ ಹಗಲೂ ರಾತ್ರಿ ಕಳ್ಳಭಟ್ಟಿಯಲ್ಲೇ ಮುಳುಗಿದ್ದವನು. ಹೆಂಡತಿ ಕಾಶವ್ವ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿಬಿಟ್ಟಿದ್ದಳು. ಒಂದು ಭಾನುವಾರ ಕುಡಿದ ಅಮಲಿನಲ್ಲಿ ಮಂದಿರದ ಮೆಟ್ಟಿಲ ಮೇಲೆ ಬಿದ್ದಿದ್ದ. ಅವನನ್ನು ಎಬ್ಬಿಸಿ ಕಳಿಸುವುದು ಕಾಂತಪ್ಪನ ಕೆಲಸ. ಎಬ್ಬಿಸುವುದಕ್ಕೆ ಬೇಸರವಾಗಿ ಬಿಟ್ಟುಬಿಟ್ಟ. ದಾನಪ್ಪ ಅಲ್ಲೇ ಬಿದ್ದುಕೊಂಡು ಕನ್ನಡದ ಹಾಡು ಕೇಳಿದ, ಸಭಾಪಾಲಕರಾದ ಅಯ್ಯನವರ ಪ್ರಸಂಗ ಕೇಳಿದ, ಮುಂದಿನ ವಾರ ಸ್ನಾನ ಮಾಡಿ ಬಂದ. ಆಮೇಲೆ ಒಂದು ತೊಟ್ಟು ಮುಟ್ಟಿರಲಿಲ್ಲ. ಅಂದು ತನ್ನನ್ನು ಓಡಿಸದ ಕಾಂತಪ್ಪ ದೊಡ್ಡ ಮನಸ್ಸಿನವನೆಂದೇ ಅವನ ನಂಬಿಕೆ. ಆ ಋಣಕ್ಕೆ ಪ್ರತಿ ಭಾನುವಾರ ಬೇಗ ಬಂದು ನೀರು ಹೊತ್ತು ಹಾಕುತ್ತಿದ್ದ, ಬೆಂಚು ಸರಿಸಿ ಕೊಡುತ್ತಿದ್ದ. ಕಾಂತಪ್ಪ ಬೇಡವೆನ್ನುತ್ತಿರಲಿಲ್ಲ.

ಆ ವಾರ ದಾನಪ್ಪನಿಗೆ ಒಂದು ಆಸೆ ಕೈಗೆ ಬಂದಿತ್ತು. ಮಾಟುಂಗದ ಒಂದು ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಕಾವಲುಗಾರನ ಕೆಲಸ ಖಾಲಿಯಿತ್ತು, ಜೊತೆಗೆ ಒಂದು ಕೋಣೆ. ಸಭೆಯ ಹಿರಿಯರಾದ ಬಸವಂತಪ್ಪನವರು ಸೋಮವಾರ ಒಂದು ಶಿಫಾರಸು ಪತ್ರ ಕೊಡುತ್ತೇನೆಂದಿದ್ದರು. ಕೋಣೆ ಸಿಕ್ಕರೆ ಕಾಶವ್ವ ಬರುತ್ತೇನೆಂದು ಕಾಗದ ಬರೆಸಿದ್ದಳು. ಆ ಕಾಗದ ದಾನಪ್ಪನ ಅಂಗಿಯ ಜೇಬಿನಲ್ಲೇ ಇತ್ತು.

ದಾನಪ್ಪ ಕೊಡ ಇಟ್ಟವನು ಮೂಗು ಅರಳಿಸಿದ.

"ಅಣ್ಣಾರ, ಏನೋ ವಾಸನಿ ಬರಾಕತ್ತೈತಲ್ರೀ?"

ಕಾಂತಪ್ಪ ಭರಣಿಗೆ ಬೆನ್ನು ಅಡ್ಡ ಕೊಟ್ಟು ನಿಂತ. "ಕೆಳಗೆ ಗಲ್ಲಿಯಲ್ಲಿ ಮಾವಿನಹಣ್ಣು ಕೊಳೆತದ್ದು ಇರ್ಬೇಕು. ನೀನು ಬೆಂಚು ಸರಿಸು, ಹೋಗು."

"ಹಂಗೇನ್ರೀ," ಎಂದು ದಾನಪ್ಪ ನಂಬಿ ಹೋದ. ಅವನು ಕಾಂತಪ್ಪನ ಮಾತನ್ನು ಯಾವತ್ತೂ ನಂಬುತ್ತಿದ್ದ.

ಆ ಸಭೆಯಲ್ಲಿ ಎಲ್ಲರಿಗೂ ಒಂದೇ ಪಾತ್ರೆ. ಮುಂದೆ ಸಾಲಾಗಿ ನಿಂತವರ ಕೈಯಿಂದ ಕೈಗೆ ಅದು ದಾಟುತ್ತದೆ. ತನ್ನನ್ನು ತಾನು ಪರೀಕ್ಷಿಸಿಕೊಂಡು ಕುಡಿಯಬೇಕು; ಒಳಗೆ ಮುಚ್ಚಿಟ್ಟ ಪಾಪವಿದ್ದವನು ತುಟಿಗೆ ಮುಟ್ಟಿಸದೆ ಮುಂದೆ ಕೊಡಬೇಕು. ಹಾಗೆ ಯಾರಾದರೂ ಕೊಟ್ಟರೆ ಇಡೀ ಸಭೆಗೆ ಅರ್ಥವಾಗುತ್ತದೆ. ಮಂದಿರ ಶುರುವಾದ ಹದಿನೈದು ವರ್ಷದಲ್ಲಿ ಒಬ್ಬರೋ ಇಬ್ಬರೋ ಕೊಟ್ಟದ್ದು.

ಅಯ್ಯನವರು ಜನ್ಮದಲ್ಲಿ ಹೆಂಡ ಕಂಡವರಲ್ಲ, ಒಂದು ಗುಟುಕು ಕುಡಿದು ಸ್ವಲ್ಪ ಮುಖ ಹಿಂಡಿದರು. ಬಸವಂತಪ್ಪನವರು ಎರಡು ಗುಟುಕು ಕುಡಿದು ಮೀಸೆ ಒರೆಸಿಕೊಂಡರು. ಪಾತ್ರೆ ಮುಂದೆ ಬಂತು. ದಾನಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಬಾಯಿಯ ತನಕ ಎತ್ತಿದ, ನಿಂತುಬಿಟ್ಟ. ಹಿಂದಿನ ಬಾಗಿಲಲ್ಲಿ ನಿಂತಿದ್ದ ಕಾಂತಪ್ಪನಿಗೆ ಅದು ಕಾಣಿಸಿತು. ದಾನಪ್ಪ ಕಣ್ಣು ಮುಚ್ಚಿ, ತುಟಿಗೆ ಮುಟ್ಟಿಸದೆ, ಪಾತ್ರೆಯನ್ನು ಪಕ್ಕದವನಿಗೆ ಕೊಟ್ಟ.

ಹೆಂಗಸರ ಕಡೆ ಗುಸುಗುಸು ಎದ್ದಿತು.

ಪದ್ಧತಿಯಂತೆ ಕೊನೆಯ ಗುಟುಕು ಕಾಂತಪ್ಪನದು. ಗಂಟಲಿನಲ್ಲಿ ಇಳಿಯುವಾಗ ಬೆಚ್ಚಗಾಯಿತು. ತಾನು ಏನು ಮಾಡಿದ್ದೇನೆಂದು ತಿಳಿಯದೆ ಇರಲು ಇನ್ನು ಅವನಿಗೆ ದಾರಿಯೇ ಇರಲಿಲ್ಲ.

ಆರಾಧನೆ ಮುಗಿದ ಮೇಲೆ ಅಯ್ಯನವರು ಹತ್ತಿರ ಬಂದು, "ಇವತ್ತು ಸ್ವಲ್ಪ ಹುಳಿ ಇತ್ತಲ್ಲ ಕಾಂತಪ್ಪ?" ಎಂದರು. ಹೇಳಬಹುದಾಗಿತ್ತು. ಬಾಯಿಯ ತುದಿಗೇ ಬಂದಿತ್ತು. "ಈ ಸಲದ ದ್ರಾಕ್ಷಿಯೇ ಹಾಗೆ ಅಯ್ಯಾ," ಎಂದುಬಿಟ್ಟ. ಆ ದಿನದ ಎರಡನೇ ಸುಳ್ಳು.

ಬಸವಂತಪ್ಪನವರು ಧಾರವಾಡದವರು, ಒಂದು ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ದಾನಪ್ಪನನ್ನು ಮೇಜಿನ ಹತ್ತಿರ ಕರೆದರು. ಕಾಂತಪ್ಪ ಪೊರಕೆ ಹಿಡಿದು ಬಾಗಿಲ ಮರೆಯಲ್ಲಿ ನಿಂತ. ಅವನು ಯಾರೂ ಹೇಳದೆ ಪೊರಕೆ ಹಿಡಿದದ್ದು ಅಂದೇ ಮೊದಲು.

"ಪಾತ್ರಿ ಯಾಕ ದಾಟಿಸಿದೀ ದಾನಪ್ಪಾ? ಏನು ಮಾಡೀದಿ ಹೇಳು. ಮತ್ತ ಶುರು ಮಾಡೀಯೇನು?"

"ಇಲ್ರೀ ಯಪ್ಪಾ. ಮೂರು ವರ್ಷ ಆತು, ನಾಲಗಿಗೆ ಹಚ್ಚಿಲ್ಲ."

"ಮತ್ತ?"

ದಾನಪ್ಪ ನೆಲ ನೋಡುತ್ತ ಹೇಳಿದ: "ಪಾತ್ರಿ ಬಾಯಿ ಹತ್ರ ಬಂದ ಕೂಡಲೇ ಅದರ ವಾಸನಿ ಬಂತ್ರೀ. ಆ ಹಳೇ ವಾಸನಿ. ಕರ್ತನ ಪಾತ್ರಿಯೊಳಗ ದಾರೂ ವಾಸನಿ ಎಲ್ಲಿಂದ ಬರಬೇಕ್ರೀ? ಅದು ನನ್ನ ಮೂಗಿನೊಳಗಿಂದ ಬಂದದ್ದು. ನಾ ಅದನ್ನ ಬಿಟ್ಟೇನಿ ಅಂದ್ಕೊಂಡಿದ್ದೆ. ಅದು ನನ್ನ ಬಿಟ್ಟಿಲ್ರೀ. ಅಂಥಾ ಹೊಲಸು ನಾನು, ಹೆಂಗ ಕುಡೀಲಿ?"

ಬಸವಂತಪ್ಪನವರು ಕಠಿಣ ಮನುಷ್ಯರು, ಕೆಟ್ಟ ಮನುಷ್ಯರಲ್ಲ. ನಿಟ್ಟುಸಿರು ಬಿಟ್ಟರು. "ನಿನ್ನ ಬಾಯಿಂದನ ಬಂತು. ಹೆಣ್ಣುಮಕ್ಕಳಿರೋ ಜಾಗಾಕ್ಕ ಹೆಂಗ ಶಿಫಾರಸು ಮಾಡ್ಲಿ? ಪತ್ರದ ಮಾತು ಸದ್ಯ ಬ್ಯಾಡ."

"ಖರೇ ಐತ್ರೀ," ಎಂದ ದಾನಪ್ಪ. ಮೆಟ್ಟಿಲಿಳಿದು ಹೋದ.

ಕಾಂತಪ್ಪ ನಾಲ್ಕು ಹೆಜ್ಜೆ ಇಟ್ಟು ಮೇಜಿನ ಹತ್ತಿರ ಹೋಗಿ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಸೋಮವಾರ ಬಸವಂತಪ್ಪನವರ ಆಫೀಸಿಗೇ ಹೋಗಿ ನಿಧಾನವಾಗಿ, ಸರಿಯಾಗಿ ಹೇಳೋಣ. ಜೀವನದಲ್ಲಿ ಪ್ರತಿಯೊಂದು ಕೆಲಸಕ್ಕೂ ಅವನು ಹೇಳಿಕೊಂಡು ಬಂದ ಮಾತು ಅದೇ. ಕೋಣೆಗೆ ಹೋಗಿ ಮಲಗಿದ. ಹಾಗೆ ಮಲಗಿದವನಿಗೆ ಅಂದು ನಿದ್ದೆ ಮಾತ್ರ ಬರಲಿಲ್ಲ.

ಮಧ್ಯಾಹ್ನ ಮೂರಕ್ಕೆ ವಿನೋದಿನಿ ಮುಲುಂಡಿನಿಂದ ಬಂದಳು. ಚೀಲ ಕೆಳಗಿಡುವ ಮೊದಲೇ ಅವಳ ಮೂಗಿಗೆ ಬಡಿಯಿತು. ನೇರ ಹೋಗಿ ಭರಣಿಯ ಮುಚ್ಚಳ ತೆಗೆದಳು.

"ಎಷ್ಟು ದಿನ ನೆನೆಸಿದ್ರಿ?"

ಅವನು ಗೋಡೆಗೇ ಹೇಳಿದ: "ಬುಧವಾರದಿಂದ."

"ಇದನ್ನೇ ಕೊಟ್ರಾ? ದಾನಪ್ಪನಿಗೂ?"

ಅವನು ಎಲ್ಲವನ್ನೂ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಬೈದರೆ ಎದುರು ಎರಡು ಮಾತು ಆಡಿ ಹಗುರವಾಗಬಹುದಿತ್ತು. ಅವಳು ಬೈಯಲಿಲ್ಲ. ಬಿಚ್ಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು.

"ಎಲ್ಲಿಗೆ?"

"ಬಸವಂತಪ್ಪನವರಲ್ಲಿಗೆ. ನಾನು ಹೇಳಿ ಬರ್ತೇನೆ. ನೀವು ಮಲಗಿ."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ, ಕೋಪವಿರಲಿಲ್ಲ. ನೀರು ತರುತ್ತೇನೆ, ಗುಡಿಸುತ್ತೇನೆ, ಅರೆಯುತ್ತೇನೆ ಎನ್ನುವಾಗ ಯಾವ ದನಿಯೋ ಅದೇ ದನಿ. ಹತ್ತು ವರ್ಷದಿಂದ ಅವನ ಕೆಲಸವನ್ನೆಲ್ಲ ಮಾಡಿ ಅಭ್ಯಾಸವಾಗಿತ್ತು. ಈಗ ಅವನ ಪಾಪ ಒಪ್ಪಿಕೊಳ್ಳುವುದನ್ನೂ ಆ ಕೆಲಸಗಳ ಸಾಲಿಗೆ ಸೇರಿಸಿ ಹೊರಟಿದ್ದಳು. ಕಾಂತಪ್ಪನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅಷ್ಟು ನಾಚಿಕೆ ಅವನು ಯಾರ ಮುಂದೆಯೂ ಪಟ್ಟಿರಲಿಲ್ಲ. ಎದ್ದು ಕೂತ.

"ಬೇಡ ವಿನೋದಿನಿ. ಇದೊಂದನ್ನಾದ್ರೂ ನಾನು ಮಾಡ್ತೇನೆ."

ಅವಳು ನಂಬದವಳ ಹಾಗೆ ನೋಡಿದಳು. ಅವನು ಉಳಿದ ರಸವಿದ್ದ ಭರಣಿಗೆ ಟವೆಲು ಸುತ್ತಿ ಬಗಲಿಗೆ ಏರಿಸಿ ಮೆಟ್ಟಿಲಿಳಿದ. ಗಲ್ಲಿಯ ತುದಿಯಲ್ಲಿ ಪೋಲೀಸಿನವನೊಬ್ಬ ನಿಂತಿದ್ದ. ಹಿಡಿದು ಕೇಳಿದರೆ ಏನು ಹೇಳುವುದು? ಕರ್ತನ ಭೋಜನದ್ದು ಎಂದೇ? ಭರಣಿಯನ್ನು ಬಗಲಿಗೆ ಒತ್ತಿಕೊಂಡು ಅವನ ಮುಂದೆ ದಾಟಿದ.

ಹಮಾಲಿಗಳ ಷೆಡ್ಡಿನಲ್ಲಿ ದಾನಪ್ಪ ಇರಲಿಲ್ಲ. ಮಾರ್ಕೆಟಿನ ಸುತ್ತ ಒಂದು ಗಂಟೆ ಹುಡುಕಿದ. ಕೊನೆಗೆ ರೈಲ್ವೆ ಗೋಡೆಯ ಪಕ್ಕದ ಸಂದಿಯ ಬಾಯಲ್ಲಿ ಸಿಕ್ಕಿದ. ಆ ಸಂದಿಯ ಒಳಗೆ, ತಗಡಿನ ಬಾಗಿಲ ಹಿಂದೆ ಏನು ಮಾರುತ್ತಾರೆಂಬುದು ಬೈಕುಲ್ಲಾಕ್ಕೆಲ್ಲ ಗೊತ್ತು. ದಾನಪ್ಪ ಖಾಲಿ ಕೈಗಾಡಿಯೊಂದರ ಮೇಲೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

"ಕುಡಿದಿಯಾ?" ಕಾಂತಪ್ಪ ಕೇಳಿದ.

"ಇಲ್ರೀ. ಅವಾಗಿಂದ ಇಲ್ಲೇ ಕುಂತೀನಿ. ಒಳಗ ಹೋಗಿಲ್ಲ, ಎದ್ದೂ ಹೋಗಿಲ್ಲ. ಹೆಂಗೂ ನನ್ನ ಬಿಟ್ಟಿಲ್ಲ ಅಂದಮ್ಯಾಲೆ ಬಿಟ್ಟು ಏನು ಫಲಾ ಅಂತ ವಿಚಾರ ಮಾಡಾಕತ್ತೀನಿ."

ಕಾಂತಪ್ಪ ನಾಲ್ಕು ಮಾರು ದೂರ ನಿಂತು ಭರಣಿಯನ್ನು ನೆಲಕ್ಕಿಟ್ಟ. "ಹತ್ತಿರ ಬರ್ಬೇಡ. ಅಲ್ಲಿಂದಲೇ ಮೂಸು." ಮುಚ್ಚಳ ತೆಗೆದ.

ಗಾಳಿ ದಾನಪ್ಪನ ಕಡೆಗೇ ಬೀಸುತ್ತಿತ್ತು. ಅವನ ಮುಖ ಬಿಗಿಯಿತು. ಭರಣಿಯನ್ನೂ ಕಾಂತಪ್ಪನನ್ನೂ ನೋಡಿದ.

"ಇದು ಪಾತ್ರೆಯಲ್ಲಿದ್ದದ್ದು," ಎಂದ ಕಾಂತಪ್ಪ. "ನಾಲ್ಕು ದಿನ ನೆನೆಸಿಟ್ಟೆ. ಹುಳಿ ಬಂತು. ಗೊತ್ತಿದ್ದೇ ಕೊಟ್ಟೆ."

"ಅಂದ್ರ… ನನ್ನ ಮೂಗು ಸುಳ್ಳು ಹೇಳಿಲ್ರೀ?"

"ಇಲ್ಲ. ಸುಳ್ಳು ಹೇಳಿದ್ದು ನಾನು."

ದಾನಪ್ಪ ಕೈಗಾಡಿಯಿಂದ ಇಳಿದ. ಮುಖ ಮುಚ್ಚಿಕೊಂಡು, ಭುಜ ಅಲುಗಿಸಿ, ಹಮಾಲಿಗಳೆಲ್ಲ ತಿರುಗಿ ನೋಡುವ ಹಾಗೆ ಅತ್ತ. ಅಳು ನಿಂತ ಮೇಲೆ ಒಂದೇ ಪ್ರಶ್ನೆ ಕೇಳಿದ.

"ಮುಂಜಾನಿ ನಾ ವಾಸನಿ ಅಂದಾಗ ಯಾಕ ಹೇಳ್ಲಿಲ್ರೀ ಅಣ್ಣಾರ?"

ಕಾಂತಪ್ಪ ತಡಕಾಡಿದ. ಏನಾದರೊಂದು ದೊಡ್ಡ ಕಾರಣ ಸಿಗಲಿ ಎಂದು ತನ್ನೊಳಗೆಲ್ಲ ಹುಡುಕಿದ. ಹೆದರಿದೆ ಎನ್ನೋಣವೆಂದರೆ ಹೆದರಿರಲಿಲ್ಲ. ತಿಳಿಯಲಿಲ್ಲ ಎನ್ನೋಣವೆಂದರೆ ತಿಳಿದಿತ್ತು. ಇದ್ದದ್ದು ಒಂದೇ ಕಾರಣ, ಅದನ್ನು ಹೇಳುವಾಗ ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಹೇಳಿದ್ರೆ ಪುನಃ ಮಾಡ್ಬೇಕಿತ್ತು ದಾನಪ್ಪ. ಎರಡು ಗಂಟೆಯ ಕೆಲ್ಸ. ಅದಕ್ಕೆ."

"ಅಷ್ಟಕ್ಕೇನ್ರೀ?"

"ಅಷ್ಟಕ್ಕೇ."

ದಾನಪ್ಪ ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಸುಮ್ಮನೆ, "ನನಗ ಹೇಳಿದ್ರ ನಾನ ಅರದು ಕೊಡ್ತಿದ್ನಲ್ರೀ," ಎಂದ.

ಭರಣಿಯನ್ನು ಗಟಾರಕ್ಕೆ ಸುರಿದು, ಇಬ್ಬರೂ ಬಸವಂತಪ್ಪನವರ ಮನೆಯಿದ್ದ ಮಾಟುಂಗಕ್ಕೆ ಲೋಕಲ್ ಹಿಡಿದರು. ಬಸವಂತಪ್ಪನವರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಕಾಂತಪ್ಪ ನಿಂತೇ ಎಲ್ಲವನ್ನೂ ಹೇಳಿದ. ಕೇಳಿದ ಹಿರಿಯರು ಬಸಿಯನ್ನು ಕೆಳಗಿಟ್ಟು, ಮೊದಲು ತಮ್ಮ ಬಾಯನ್ನೇ ಮುಟ್ಟಿ ನೋಡಿಕೊಂಡರು.

"ನಾ ಎರಡು ಗುಟುಕು ಕುಡದೇನಲ್ಲೋ! ಐವತ್ತು ವರ್ಷ ಮುಟ್ಟಿದ್ದಿಲ್ಲ!"

ಬೇರೆ ದಿನವಾಗಿದ್ದರೆ ಕಾಂತಪ್ಪನಿಗೆ ನಗು ಬರುತ್ತಿತ್ತು. ಹಿರಿಯರು ಎದ್ದು ದಾನಪ್ಪನ ಎರಡೂ ಕೈ ಹಿಡಿದುಕೊಂಡು, "ನಾವೆಲ್ಲಾ ಕುಡದ್ವಿ, ನೀ ಒಬ್ಬಾಂವ ಕುಡೀಲಿಲ್ಲ. ನಿನ್ನನ್ನ ನಾ ಹೊರಗ ಹಾಕಿದೆ. ನನ್ನ ಕ್ಷಮಾ ಮಾಡಪಾ," ಎಂದರು. ಅಲ್ಲೇ ಕೂತು ಪತ್ರ ಬರೆದುಕೊಟ್ಟರು. ಕಾಂತಪ್ಪನಿಗೆ ಕೂರಲು ಹೇಳಲಿಲ್ಲ. "ನಿಂದು ಬರೋ ಐತವಾರ ಸಭಾದ ಮುಂದ," ಎಂದಷ್ಟೇ ಹೇಳಿದರು.

ಮುಂದಿನ ಭಾನುವಾರ ಕರ್ತನ ಭೋಜನವನ್ನು ಮತ್ತೊಮ್ಮೆ ನಡೆಸುವುದೆಂದು ಅಯ್ಯನವರು ತೀರ್ಮಾನಿಸಿದರು. ಶನಿವಾರ ಸಂಜೆ ಕಾಂತಪ್ಪ ದ್ರಾಕ್ಷಿ ನೆನೆಹಾಕಿದ. ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು ಎಂಟು ಕೊಡ ನೀರು ಹೊತ್ತು ತಂದ. ಐದನೆಯ ಕೊಡ ಹೊತ್ತಾಗ, ಗೋಣಿ ಹೊತ್ತು ಸವೆದ ಬೆನ್ನಿನ ಆ ಮನುಷ್ಯ ಇದನ್ನು ಮೂರು ವರ್ಷ ಹೊತ್ತನಲ್ಲ ಎಂದು ನೆನಪಾಗಿ ಮೆಟ್ಟಿಲ ಮೇಲೆ ನಿಂತುಬಿಟ್ಟ. ಹದಿನಾರು ಬೆಂಚುಗಳನ್ನೂ ಒರೆಸಿದ. ಮಿಲ್ಲಿನವರ ಬೆಂಚಿನಿಂದ ಬಂದ ಕೊಳೆಗೆ ಬಕೆಟ್ಟಿನ ನೀರು ಕಪ್ಪಾಯಿತು. ಕುದಿಸಿದ, ಕಲ್ಲಿನ ಮುಂದೆ ಕೂತು ಅರೆದ. ಅಂಗೈಯಲ್ಲಿ ಗುಳ್ಳೆ ಎದ್ದಿತು. ವಿನೋದಿನಿ ಎರಡು ಸಲ ಕೈ ಚಾಚಿದಳು, ಎರಡು ಸಲವೂ ಅವನು ಬೇಡವೆಂದ. ಅವಳು ಖಾಲಿ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಅವನನ್ನೇ ನೋಡುತ್ತ ಕೂತಳು.

ಸಭೆಯ ಮುಂದೆ ಅವನು ಹೇಳಿದ್ದು ಬಹಳ ಇಲ್ಲ. ದೆವ್ವ ಪ್ರೇರೇಪಿಸಿತು ಎಂದೇನೂ ಹೇಳಲಿಲ್ಲ. "ಕೆಲಸ ಮಾಡ್ಲಿಕ್ಕೆ ಬೇಸರವಾಗಿ ಹೀಗೆ ಮಾಡಿದೆ. ಕರ್ತನ ಮೇಜಿನ ಕೆಲಸ ಅಂತ ಗೊತ್ತಿದ್ದೂ ಮಾಡಿದೆ. ನನ್ನ ಬೇಸರವನ್ನು ದಾನಪ್ಪ ಪಾಪ ಅಂತ ತನ್ನ ಮೇಲೆ ಹೊತ್ತುಕೊಂಡ," ಎಂದ. ನರ್ಸುಗಳಲ್ಲಿ ಒಬ್ಬಳು ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು. ಮಿಲ್ಲಿನವರ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅವನು ತಲೆ ಎತ್ತದೆ ಹಿಂದಿನ ಬಾಗಿಲಿಗೆ ಹೋಗಿ ನಿಂತ.

ಪಾತ್ರೆ ದಾಟುತ್ತ ಬಂದು ದಾನಪ್ಪನ ಕೈ ಸೇರಿತು. ಅವನು ಅದನ್ನು ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದ. ಎಲ್ಲರೂ ನೋಡುತ್ತಿದ್ದಂತೆ ನಿಧಾನವಾಗಿ ಮೂಸಿದ. ಆಮೇಲೆ ಕಣ್ಣು ಮುಚ್ಚಿ ಕುಡಿದ.

ಜೂನ್‌ನಲ್ಲಿ ಕಾಶವ್ವ ಮಕ್ಕಳೊಂದಿಗೆ ಬಂದಳು. ದಾನಪ್ಪ ಮಾಟುಂಗದಿಂದ ಪ್ರತಿ ಭಾನುವಾರ ಸಂಸಾರ ಸಮೇತ ಬರುತ್ತಿದ್ದ, ಕಾಂತಪ್ಪನನ್ನು ಮೊದಲಿನ ಹಾಗೆಯೇ ಅಣ್ಣಾರ ಎಂದು ಕರೆಯುತ್ತಿದ್ದ. ಒಂದು ದಿನವೂ ಹಳೆಯ ಮಾತು ಎತ್ತಲಿಲ್ಲ. ಆದರೆ ತಿಂಗಳ ಮೊದಲ ಭಾನುವಾರ ಪಾತ್ರೆ ಕೈಗೆ ಬಂದಾಗ ಮೊದಲು ಮೂಸುತ್ತಿದ್ದ, ಆಮೇಲೆ ಕುಡಿಯುತ್ತಿದ್ದ. ಬೇಕೆಂದು ಮಾಡುತ್ತಿದ್ದದ್ದಲ್ಲ, ಅದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಅವನು ಮೂಸಿ ಮುಗಿಸುವ ತನಕ, ಬೆಳಗ್ಗೆ ತಾನೇ ಕುದಿಸಿ ತಾನೇ ಅರೆದ ರಸವೆಂದು ಗೊತ್ತಿದ್ದೂ, ಕಾಂತಪ್ಪ ಹಿಂದಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದ.